ಕೂಡಿಸಿದ ಬಲ, ಕೊಂಡ ಬಲ: ಕರ್ನಾಟಕದಲ್ಲಿ ಎಂಜಿನ್ ಪರಿವರ್ತನೆಯ ಚರಿತ್ರೆ

ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ, ನರೇಗಲ್ಲಿನ ನೆರೆಯಲ್ಲಿರುವ ಅಬ್ಬಿಗೇರಿ ಎರೆಹೊಲಗಳ ನಡುವಿನ ಊರು. ಮಳೆ ಬಿದ್ದಾಗ ಗಾಲಿಗೆ ಮೆತ್ತಿಕೊಂಡು ಮುಂದಡಿ ಇಡಗೊಡದ, ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ಈ ಕಪ್ಪು ಮಣ್ಣಿನಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆ, ಹತ್ತಿಗಳನ್ನು ಬೆಳೆದು ಗದಗಿನ ಪೇಟೆಗೆ ಸಾಗಿಸಬೇಕಾಗಿದ್ದ ರೈತರಿಗೆ, ಎಳೆಯುವ ಬಲವನ್ನು ಹೆಚ್ಚಿಸಿಕೊಳ್ಳುವುದು ತಲೆಮಾರುಗಳಿಂದ ಇದ್ದ ಚಿಂತೆ. ಚಕ್ಕಡಿಯಿಂದ ಟ್ರ್ಯಾಕ್ಟರಿಗೆ, ಜೀಪಿನಿಂದ ಕಾರಿಗೆ ಈ ಸೀಮೆ ಸಾಗಿಬಂದ ದಾರಿಯಲ್ಲಿ ಪ್ರತಿ ಹಂತದಲ್ಲಿಯೂ ಒಂದೇ ಪ್ರಶ್ನೆ ಎದುರಾಗಿದೆ: ಇರುವುದನ್ನೇ ಬದಲಿಸಿ ಬಲಪಡಿಸಿಕೊಳ್ಳಬೇಕೇ, ಅಥವಾ ಬಲವುಳ್ಳ ಹೊಸದನ್ನು ಕೊಳ್ಳಬೇಕೇ? ಇಂದು ಸ್ಪೋರ್ಟ್ಸ್ ಕಾರಿಗೆ ಟರ್ಬೊ ಎಂಜಿನ್ ಹಾಕಿಸಬೇಕೋ, ಟರ್ಬೊ ಇರುವ ಕಾರನ್ನೇ ಕೊಳ್ಳಬೇಕೋ ಎಂದು ತೂಗಿ ನೋಡುವ ನಗರದ ಯುವಕನ ಪ್ರಶ್ನೆಯೂ ಇದೇ ಬಳಗಕ್ಕೆ ಸೇರಿದ್ದು.

ಈ ಎರಡು ದಾರಿಗಳನ್ನು ಸಾಮಾನ್ಯವಾಗಿ ವೆಚ್ಚದ ಲೆಕ್ಕದಿಂದ ಮಾತ್ರ ಹೋಲಿಸಲಾಗುತ್ತದೆ. ಆದರೆ ಚರಿತ್ರೆಯನ್ನು ಗಮನಿಸಿದರೆ ಬೇರೊಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರದ ಒಂದು ಭಾಗದಲ್ಲಿ ಬಲವನ್ನು ಕೂಡಿಸಿದಾಗ ಅದರ ಹೊರೆ ಇತರ ಭಾಗಗಳ ಮೇಲೆ ಬೀಳುತ್ತದೆ. ಆ ಹೊರೆಯನ್ನು ಯಾವ ಯಾವ ಭಾಗ ಎಷ್ಟೆಷ್ಟು ಹೊರಬೇಕೆಂದು ಲೆಕ್ಕ ಹಾಕುವವರು ಯಾರು ಎಂಬುದರಲ್ಲಿಯೇ ಪರಿವರ್ತನೆಗೂ ಖರೀದಿಗೂ ಇರುವ ನಿಜವಾದ ಭೇದ ಅಡಗಿದೆ. ಪರಿವರ್ತನೆಯಲ್ಲಿ ಆ ಲೆಕ್ಕ ಗ್ಯಾರೇಜಿನ ಮೇಸ್ತ್ರಿಯ ತಲೆಯಲ್ಲಿ ನಡೆಯುತ್ತದೆ. ಖರೀದಿಯಲ್ಲಿ ಅದು ಕಾರ್ಖಾನೆಯಲ್ಲಿಯೇ ಮುಗಿದು, ಬೆಲೆಯೊಳಗೆ ಸೇರಿ ಬರುತ್ತದೆ.

ಚಕ್ಕಡಿ, ನೇಗಿಲು ಮತ್ತು ಸಾಲ

ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಚಕ್ಕಡಿಯ ಜಾಗದಲ್ಲಿ ಗಾಳಿ ತುಂಬಿದ ರಬ್ಬರಿನ ಗಾಲಿಗಳ ಟಾಯರ್ ಚಕ್ಕಡಿ ಬಳಕೆಗೆ ಬಂದದ್ದು ಉತ್ತರ ಕರ್ನಾಟಕದ ಹಳ್ಳಿಗಳು ಕಂಡ ದೊಡ್ಡ ಪರಿವರ್ತನೆಗಳಲ್ಲಿ ಒಂದು. ಗಾಲಿ ಸುಲಭವಾಗಿ ಉರುಳತೊಡಗಿದಾಗ ಹೇರು ಹೆಚ್ಚಾಯಿತು; ಆದರೆ ಬದಲಾದದ್ದು ಗಾಲಿಯೇ ಹೊರತು ನೊಗವಾಗಲಿ, ಎತ್ತಿನ ಹೆಗಲಾಗಲಿ ಬದಲಾಗಲಿಲ್ಲ. ಇಳಿಜಾರಿನಲ್ಲಿ ಹೆಚ್ಚಿದ ಹೇರನ್ನು ತಡೆಯುವ ಬ್ರೇಕು ಬಹುತೇಕ ಚಕ್ಕಡಿಗಳಿಗೆ ಇಲ್ಲದ್ದರಿಂದ ಆ ಭಾರವೆಲ್ಲ ಎತ್ತಿನ ಕುತ್ತಿಗೆಯ ಮೇಲೆಯೇ ಬಂದಿತು. ಒಂದೆಡೆಯ ಸುಧಾರಣೆ ಮತ್ತೊಂದೆಡೆ ಹೊರೆಯಾಗುವ ಈ ನಿಯಮ ಎಂಜಿನ್ನುಗಳ ಕಾಲದಲ್ಲಿಯೂ ತಪ್ಪಲಿಲ್ಲ.

ಹೊಸ ಉಪಕರಣವನ್ನು ಕೊಳ್ಳುವ ದಾರಿಯೂ ಇದೇ ನೆಲದಲ್ಲಿ ತೆರೆದುಕೊಂಡಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂಬ ಅಂಜಿಕೆ ರೈತರಲ್ಲಿದ್ದುದರಿಂದ ಆ ನೇಗಿಲುಗಳು ಮೊದಮೊದಲು ಮಾರಾಟವಾಗಲಿಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಸ್ಥಾಪನೆಯಾದ ಬಳಿಕ ಉದ್ಯಮ ಬೆಳೆದು, 1941ರಲ್ಲಿ ಹರಿಹರದಲ್ಲಿ ಲೇತ್‌ಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿಕೊಂಡವು. ಹಳ್ಳಿಯ ಹಿಟ್ಟಿನ ಗಿರಣಿಗೂ ನೀರೆತ್ತುವ ಪಂಪಿಗೂ ಬಂದ ಇಂಥ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೈಗಳೇ ಮುಂದೆ ಮೋಟಾರು ಗ್ಯಾರೇಜುಗಳ ವಿದ್ಯೆಗೂ ಬುನಾದಿಯಾದವು.

ಕೊಳ್ಳುವ ದಾರಿಗೆ ಹಣದ ಏರ್ಪಾಡೂ ಬೇಕು. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಸ್ಥಾಪನೆಯಾದ ಕೃಷಿ ಸಹಕಾರ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಸಹಕಾರಿ ಸಾಲ ದೊರೆತಲ್ಲಿ ರೈತ ಹೊಸ ಉಪಕರಣವನ್ನು ಕೊಳ್ಳಲು ಶಕ್ತನಾದನು. ಸಾಲ ದೊರೆಯದಲ್ಲಿ ಇದ್ದುದನ್ನೇ ತಿದ್ದಿ ತೀಡಿ ಬಳಸಿದನು. ಪರಿವರ್ತನೆ ಕೆಲವರಿಗೆ ಹವ್ಯಾಸವಾಗುವ ಮುನ್ನ ಬಹುಜನರಿಗೆ ಅನಿವಾರ್ಯವಾಗಿತ್ತು ಎಂಬುದನ್ನು ಈ ಚರಿತ್ರೆ ಓದುವಾಗ ಮರೆಯಲಾಗದು.

ಕೊಳ್ಳಲು ಸಿಗದ ಕಾಲ

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ಹಣವಿದ್ದವರಿಗೂ ಕೊಳ್ಳಲು ಹೆಚ್ಚಿನ ಆಯ್ಕೆಗಳಿರಲಿಲ್ಲ. ಮೋಟಾರು ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯುರೋಪು, ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದ್ದರೂ ಅದು ಮೈಸೂರು ಸೀಮೆಯಲ್ಲಿ ಕೈಗೂಡಲಿಲ್ಲ. ಆ ಯೋಜನೆಯಲ್ಲಿ ಆಸಕ್ತಿ ವಹಿಸಿದ್ದ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನೂ ಸ್ಥಾಪಿಸಿದರು. 1950ರ ದಶಕದ ನೀತಿಯು ದೇಶದಲ್ಲಿಯೇ ಹಂತಹಂತವಾಗಿ ತಯಾರಿಸುವ ಕಂಪನಿಗಳಿಗೆ ಮಾತ್ರ ಅವಕಾಶ ನೀಡಿದ್ದರಿಂದ, ಬಿಡಿಭಾಗಗಳನ್ನು ತಂದು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಹೊರನಡೆದವು. ಉಳಿದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಕಾರುಗಳು ಮತ್ತು ಮಹೀಂದ್ರ ಜೀಪು. ಅವುಗಳಿಗೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು.

ಈ ಅಭಾವವೇ ಎಂಜಿನ್ ಪರಿವರ್ತನೆಯನ್ನು ಒಂದು ಕಸುಬಾಗಿ ರೂಪಿಸಿತು. ಎರಡನೆಯ ಮಹಾಯುದ್ಧದ ನಂತರ ಸೇನೆ ಮಾರಿದ ಡಿಸ್ಪೋಸಲ್ ಜೀಪುಗಳೂ ಮಹೀಂದ್ರದ ಹಳೆಯ ಜೀಪುಗಳೂ ಪೆಟ್ರೋಲು ಕುಡಿಯುವ ಎಂಜಿನ್ನುಗಳನ್ನು ಹೊಂದಿದ್ದವು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿ, ಡೀಸೆಲ್ ಅದಕ್ಕಿಂತ ಬಹಳ ಅಗ್ಗವಾಗಿಯೇ ಉಳಿದಾಗ, ಜೀಪು ಮತ್ತು ಅಂಬಾಸಿಡರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸಕ್ಕೆ ಬೇಡಿಕೆ ಹುಟ್ಟಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಮತ್ತು ಜಿಲ್ಲಾ ಕೇಂದ್ರಗಳ ಲೇತ್ ಅಂಗಡಿಗಳು ಇಂಥ ಕೆಲಸಕ್ಕೆ ಬೇಕಾದ ಸರಕನ್ನೂ ಕೈಕುಶಲತೆಯನ್ನೂ ಒದಗಿಸಿದವು. ಡೀಸೆಲ್ ಎಂಜಿನ್ನಿನ ಪ್ರಾಣವಾದ ಇಂಧನ ಪಂಪು ಮತ್ತು ನಾಜಲ್‌ಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸುತ್ತಿದ್ದ ಮೈಕೊ ಕಂಪನಿ 1951ರಲ್ಲಿ ಆರಂಭವಾದುದು. ಅದರ ಪಂಪುಗಳನ್ನು ಅಳತೆಗೆ ತರುವ ಪಂಪ್-ನಾಜಲ್ ಅಂಗಡಿಗಳು ರಾಜ್ಯದ ಬಹುತೇಕ ದೊಡ್ಡ ಊರುಗಳಲ್ಲಿ ನೆಲೆಯೂರಿದವು.

ಈ ಪರಿವರ್ತನೆ ಎಂಜಿನ್ ಬದಲಿಸಿದಷ್ಟಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಉರಿಯುವ ಮಿಶ್ರಣವು ಆ ಕಾಲದಲ್ಲಿ ಏಳೆಂಟು ಪಟ್ಟು ಒತ್ತಲ್ಪಡುತ್ತಿದ್ದರೆ, ಬರಿಯ ಒತ್ತಡದ ಕಾವಿನಿಂದಲೇ ಉರಿಯುವ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯು ಇಪ್ಪತ್ತು ಪಟ್ಟಿನಷ್ಟು ಒತ್ತಲ್ಪಡುತ್ತದೆ. ಆದ್ದರಿಂದ ಅದರ ಮೈ ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು. ಎಂಜಿನ್ನನ್ನು ಹಳೆಯ ಗೇರ್ ಬಾಕ್ಸಿಗೆ ಕೂಡಿಸಲು ನಡುವೆ ಲೋಹದ ತಟ್ಟೆಯೊಂದನ್ನು ಲೇತಿನಲ್ಲಿ ಕೊರೆಸಬೇಕಿತ್ತು. ಕೂರುವ ಮೌಂಟಿಂಗುಗಳನ್ನು ಹೊಸದಾಗಿ ಬೆಸೆಯಬೇಕಿತ್ತು. ಮುಂಭಾಗದ ಪಟ್ಟಿ ಸ್ಪ್ರಿಂಗುಗಳಿಗೆ ಎಲೆ ಸೇರಿಸಬೇಕಿತ್ತು. ಯುದ್ಧಕಾಲದ ಜೀಪಿನ 6 ವೋಲ್ಟಿನ ಬ್ಯಾಟರಿಯ ಜಾಗದಲ್ಲಿ 12 ವೋಲ್ಟಿನದನ್ನು ಇಡಬೇಕಿತ್ತು. ಈ ಸರಣಿಯಲ್ಲಿ ಒಂದನ್ನು ಮರೆತ ಜೀಪು ಕೆಲವೇ ತಿಂಗಳಲ್ಲಿ ಗೇರ್ ಬಾಕ್ಸ್ ಒಡೆದುಕೊಂಡು ಗ್ಯಾರೇಜಿಗೆ ಮರಳುತ್ತಿತ್ತು. ಎಲ್ಲವನ್ನೂ ಅರಿತು ಮಾಡಿದ ಮೇಸ್ತ್ರಿಯ ಹೆಸರು ತಾಲೂಕಿನಾಚೆಗೂ ಹಬ್ಬುತ್ತಿತ್ತು. ಕೊನೆಗೆ ಕಾರ್ಖಾನೆಗಳೂ ಅದೇ ದಾರಿ ಹಿಡಿದವು: ಅಂಬಾಸಿಡರ್ ಡೀಸೆಲ್ ರೂಪದಲ್ಲಿ ಬಂದಿತು, ಮಹೀಂದ್ರ ಜೀಪುಗಳಿಗೆ 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ ದೊರೆಯಿತು. ಗ್ಯಾರೇಜುಗಳು ಬೇಡಿಕೆಯನ್ನು ತೋರಿಸಿಕೊಟ್ಟ ಬಳಿಕವೇ ಖರೀದಿಯ ದಾರಿ ತೆರೆಯಿತೆಂಬುದು ಇಲ್ಲಿ ಗಮನಾರ್ಹ.

ಟರ್ಬೊ: ಹಡಗಿನಿಂದ ರೈಲಿಗೆ, ರೈಲಿನಿಂದ ರಸ್ತೆಗೆ

ಎಂಜಿನ್ನಿನ ಸಿಲಿಂಡರು ಎಷ್ಟು ಗಾಳಿಯನ್ನು ಎಳೆದುಕೊಳ್ಳಬಲ್ಲದೋ ಅದಕ್ಕೆ ತಕ್ಕಷ್ಟೇ ಇಂಧನವನ್ನು ಸುಡಬಲ್ಲದು. ಹೆಚ್ಚು ಬಲ ಬೇಕಾದರೆ ಸಿಲಿಂಡರನ್ನು ದೊಡ್ಡದು ಮಾಡಬೇಕು, ಇಲ್ಲವೇ ಅದೇ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಬೇಕು. ವ್ಯರ್ಥವಾಗಿ ಹೊರಹೋಗುವ ಹೊಗೆಯ ವೇಗದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಸಾಧನಕ್ಕೆ ಟರ್ಬೊಚಾರ್ಜರ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ, ಕಣಗಿನಹಾಳದ ಸಂಘ ಹುಟ್ಟಿದ ವರ್ಷದಲ್ಲಿಯೇ. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳಿಗೆ ಇದನ್ನು ಅಳವಡಿಸಿದಾಗ ಅವುಗಳ ಬಲ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು. ಗಾಳಿ ತೆಳುವಾಗುವ ಎತ್ತರಗಳಲ್ಲಿ ವಿಮಾನದ ಎಂಜಿನ್ ಬಲಗುಂದುವುದನ್ನು ತಡೆಯಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಪೈಕ್ಸ್ ಪೀಕ್ ಶಿಖರದ ಮೇಲೆ ಇದೇ ಸಾಧನವನ್ನು ಪರೀಕ್ಷಿಸಿದ್ದನು. ಎತ್ತರದ ಈ ಸಂಗತಿ ದಖ್ಖನಿನ ಪ್ರಸ್ಥಭೂಮಿಗೂ ಸಲ್ಲುತ್ತದೆ: ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಬಲದಲ್ಲಿ ಹತ್ತರಲ್ಲೊಂದು ಭಾಗಕ್ಕೆ ಸಮೀಪದಷ್ಟನ್ನು ಕಳೆದುಕೊಳ್ಳುತ್ತದೆ.

ಕರ್ನಾಟಕದ ನೆಲಕ್ಕೆ ಟರ್ಬೊ ಬಂದದ್ದು ಕಾರಿಗಿಂತ ಬಹಳ ಮೊದಲೇ, ರೈಲಿನ ಮೂಲಕ. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ–ಹೋಟಗಿ ಮೀಟರ್ ಗೇಜ್ ಮಾರ್ಗವು ರೋಣ ತಾಲೂಕಿನ ಹೊಳೆಆಲೂರಿನ ಮೂಲಕವೇ ಹಾಯುತ್ತದೆ. ದೇಶದ ಮೀಟರ್ ಗೇಜ್ ಹಳಿಗಳ ಮೇಲೆ ಉಗಿಬಂಡಿಯ ಜಾಗಕ್ಕೆ ಬಂದ ವೈ.ಡಿ.ಎಂ.-4 ಎಂಬ ಡೀಸೆಲ್ ಎಂಜಿನ್ ಆರು ಸಿಲಿಂಡರಿನ, ಟರ್ಬೊಚಾರ್ಜರ್ ಉಳ್ಳ ಯಂತ್ರವಾಗಿತ್ತು. ಮುಂದೆ ಇದೇ ಮಾರ್ಗವನ್ನು ಬ್ರಾಡ್ ಗೇಜಿಗೆ ಬದಲಿಸಿದಾಗ ಹಳಿಗಳ ಅಂತರವಷ್ಟೇ ಬದಲಾಗಲಿಲ್ಲ. ಸ್ಲೀಪರು, ಸೇತುವೆ, ಪ್ಲಾಟ್‌ಫಾರಂ, ಎಂಜಿನ್, ಬೋಗಿಗಳೆಲ್ಲವೂ ಹೊಸ ಹೊರೆಗೆ ತಕ್ಕಂತೆ ಬದಲಾಗಬೇಕಾಯಿತು.

ಡೀಸೆಲಿಗೆ ಒಗ್ಗಿದಷ್ಟು ಸುಲಭವಾಗಿ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಒಗ್ಗಲಿಲ್ಲ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಬೆರೆತ ಪೆಟ್ರೋಲು ಕಿಡಿ ಹಾರುವ ಗಳಿಗೆಯನ್ನು ಮೀರಿ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಏಟು ಕೊಡುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ನಾಕಿಂಗ್. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಇದನ್ನು ತಡೆಯಲು ನೀರು ಮತ್ತು ಮಿಥನಾಲಿನ ಮಿಶ್ರಣವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡಿನೊಡನೆ ಮಾರುಕಟ್ಟೆಗೆ ಬಂದಿತು. ಆ ದ್ರವವನ್ನು ಕಾಲಕಾಲಕ್ಕೆ ತುಂಬಿಸಲು ಅನೇಕ ಮಾಲೀಕರು ಮರೆತದ್ದರಿಂದ ತೊಂದರೆಗಳು ಹೆಚ್ಚಿ, ಕಂಪನಿಯೇ ಹಲವು ಕಾರುಗಳಿಂದ ಟರ್ಬೊ ತೆಗೆದು ಸಾಮಾನ್ಯ ಕಾರ್ಬೊರೇಟರ್ ಹಾಕಿಕೊಟ್ಟಿತು. 1975ರ ಪೋರ್ಷೆ 911 ಟರ್ಬೊ 260 ಅಶ್ವಶಕ್ತಿಯೊಡನೆ ಹೊರಬಂದರೂ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರೂ ಆ ವೇಗಕ್ಕೆ ತಕ್ಕ ಬ್ರೇಕುಗಳೂ ಅದಕ್ಕೆ ದೊರೆತದ್ದು 1978ರ 3.3 ಲೀಟರ್ ಮಾದರಿಯಲ್ಲಿ. ಕಾರ್ಖಾನೆಗಳು ಕೂಡ ಹೊರೆ ಎಲ್ಲೆಲ್ಲಿ ಬೀಳುತ್ತದೆಂಬುದನ್ನು ಮಾಡಿಯೇ ಕಲಿತವು; ಕೊಂಡ ವಸ್ತುವೆಲ್ಲ ದೋಷರಹಿತವೆಂಬ ನಂಬಿಕೆಗೆ ಚರಿತ್ರೆಯ ಆಧಾರವಿಲ್ಲ.

ಸ್ಪೋರ್ಟ್ಸ್ ಕಾರಿನ ಎರಡು ದಾರಿಗಳು

ಪರಿವರ್ತನೆ ಮತ್ತು ಖರೀದಿಗಳನ್ನು ಒಂದೇ ಕಾರಿನಲ್ಲಿ ಹೋಲಿಸಲು ಜಪಾನಿನ ಮಜ್ದಾ ಎಂ.ಎಕ್ಸ್.-5 ಒಳ್ಳೆಯ ಉದಾಹರಣೆ. 1989ರಲ್ಲಿ ಬಂದ ಈ ಹಗುರವಾದ ಎರಡು ಆಸನದ ಕಾರಿಗೆ ಟರ್ಬೊ ಕೂರಿಸುವ ಕಿಟ್‌ಗಳನ್ನು, ಎಂದರೆ ಬೇಕಾದ ಭಾಗಗಳ ಸಿದ್ಧ ಜೋಡಣೆಗಳನ್ನು, ಹಲವು ದೇಶಗಳ ವರ್ಕ್‌ಶಾಪುಗಳು ಮಾರಿದವು. 2004ರಲ್ಲಿ ಕಂಪನಿಯೇ 178 ಅಶ್ವಶಕ್ತಿಯ ಟರ್ಬೊ ಮಾದರಿಯನ್ನು ಹೊರತಂದಾಗ ಎಂಜಿನ್ನಿನ ಜೊತೆಗೆ ಕ್ಲಚ್, ಗೇರ್ ಬಾಕ್ಸ್, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನೂ ಬಲಪಡಿಸಿತ್ತು. ಕಿಟ್ ಕೊಳ್ಳುವವನು ಮೊದಲು ಬಲವನ್ನು ಮಾತ್ರ ಕೊಳ್ಳುತ್ತಾನೆ; ಉಳಿದ ಪಟ್ಟಿಯನ್ನು ತಾನೇ ಪೂರ್ತಿಗೊಳಿಸಬೇಕು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ದಂಡಕ್ಕೆ ಎಂಜಿನ್ನಿನಿಂದ ಆಯಿಲ್ ಹರಿಯುವ ನಳಿಗೆ, ಮಿತಿಮೀರಿದ ಒತ್ತಡವನ್ನು ಬಿಟ್ಟುಕೊಡುವ ವೇಸ್ಟ್‌ಗೇಟ್ ಎಂಬ ಬಾಗಿಲು, ಇಂಟರ್‌ಕೂಲರ್, ಹೆಚ್ಚು ಇಂಧನ ಕೊಡುವ ಇಂಜೆಕ್ಟರು ಮತ್ತು ಪಂಪು, ಹೊಸ ಲೆಕ್ಕಕ್ಕೆ ತಿದ್ದಿದ ಇ.ಸಿ.ಯು. ಎಂಬ ಎಂಜಿನ್ ನಿಯಂತ್ರಕ, ಒತ್ತಡದ ಅನುಪಾತವನ್ನು ತಗ್ಗಿಸುವ ಪಿಸ್ಟನ್ನುಗಳು, ಗಟ್ಟಿ ಹೆಡ್ ಗ್ಯಾಸ್ಕೆಟ್, ಬಳಿಕ ಕ್ಲಚ್ಚು ಮತ್ತು ಬ್ರೇಕು: ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಉಳಿದವುಗಳ ಆಯುಷ್ಯ ಕುಗ್ಗುತ್ತದೆ.

ಭಾರತದಲ್ಲಿ ಸ್ಪೋರ್ಟ್ಸ್ ಕಾರಿನ ಚರಿತ್ರೆ ಕಿರಿದಾದರೂ ಅದರಲ್ಲಿ ಬೆಂಗಳೂರಿಗೆ ಪಾಲಿದೆ. ಬೆಂಗಳೂರಿನ ಸಾನ್ ಎಂಜಿನಿಯರಿಂಗ್ ಬಳಗಕ್ಕೆ ಸೇರಿದ ಸಾನ್ ಮೋಟಾರ್ಸ್ ಗೋವಾದಲ್ಲಿ ತಯಾರಿಸಿದ ಸಾನ್ ಸ್ಟಾರ್ಮ್ ಎಂಬ ಎರಡು ಆಸನದ ಕಾರಿಗೆ ಫೈಬರಿನ ಮೈಯೂ ಸುಮಾರು 60 ಅಶ್ವಶಕ್ತಿಯ ರೆನೋ ಎಂಜಿನ್ನೂ ಇದ್ದವು. ರೂಪಕ್ಕೆ ತಕ್ಕ ಬಲವಿಲ್ಲದ ಇಂಥ ಕಾರುಗಳೇ ಪರಿವರ್ತನೆಯ ಆಸೆಯನ್ನು ಕೆರಳಿಸುವಂಥವು. ಮುಂದೆ 2015ರ ಹೊತ್ತಿಗೆ ಬಂದ ಡಿ.ಸಿ. ಅವಂತಿ ಎಂಬ ಸ್ಪೋರ್ಟ್ಸ್ ಕಾರು ಎರಡು ಲೀಟರಿನ ಟರ್ಬೊ ಎಂಜಿನ್ನನ್ನು ಹುಟ್ಟಿನಿಂದಲೇ ಹೊಂದಿತ್ತು.

ಸಾಮಾನ್ಯ ಜನರ ಟರ್ಬೊ ಮಾತ್ರ ಬೇರೆ ದಾರಿಯಿಂದ ಬಂದಿತು. ಟಾಟಾ ಸಫಾರಿ 1998ರಲ್ಲಿ ಟರ್ಬೊ ಡೀಸೆಲ್ ಎಂಜಿನ್ನೊಡನೆ, ಸ್ಕೋಡಾ ಆಕ್ಟೇವಿಯಾ ಆರ್.ಎಸ್. 2004ರಲ್ಲಿ 150 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ನೊಡನೆ, ಮಾರುತಿ ಸ್ವಿಫ್ಟ್ ಡೀಸೆಲ್ 2007ರಲ್ಲಿ 1.3 ಲೀಟರಿನ ಟರ್ಬೊ ಡೀಸೆಲಿನೊಡನೆ ರಸ್ತೆಗಿಳಿದವು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಹೊಗೆ ನಿಯಮಗಳು ಬಲ ಕುಗ್ಗಿಸದೆ ಹೊಗೆ ಕುಗ್ಗಿಸುವ ಎಂಜಿನ್ನುಗಳಿಗೆ ಒತ್ತಾಸೆಯಾದವು. ಬಾಡಿಗೆಗೆ ಓಡುವ ಡೀಸೆಲ್ ಸ್ವಿಫ್ಟ್ ಡಿಸೈರಿನ ಚಾಲಕನು, ಒಮ್ಮೆ ಹಡಗು, ರೈಲುಗಳಲ್ಲಿದ್ದ ಸಾಧನವನ್ನು ಅದರ ಹೆಸರನ್ನೂ ನೆನೆಯದೆ ರೋಣ, ಗಜೇಂದ್ರಗಡಗಳ ರಸ್ತೆಯಲ್ಲಿ ಓಡಿಸುವ ಕಾಲ ಬಂದಿತು. ಹಾದಿ ಬದಲಾದುದರ ಅರ್ಥ ಇಷ್ಟು: ಅಭಾವದ ದಿನಗಳಲ್ಲಿ ಪರಿವರ್ತನೆ ಅಗ್ಗದ ದಾರಿಯಾಗಿತ್ತು, ಸಮೃದ್ಧಿಯ ದಿನಗಳಲ್ಲಿ, ಸರಿಯಾಗಿ ಮಾಡುವುದಾದರೆ, ಅದೇ ದುಬಾರಿಯ ದಾರಿಯಾಗಿದೆ.

ಕಾನೂನು ಮತ್ತು ಕಸುಬು

ಈ ನಡುವೆ ಲೆಕ್ಕದ ಹೊಣೆ ಕಾನೂನಿನ ಕೈಗೂ ಬಂದಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನಗಳ ಮಾರ್ಪಾಟನ್ನು ನಿಯಂತ್ರಿಸುತ್ತದೆ. 2000ದ ತಿದ್ದುಪಡಿಯ ಬಳಿಕ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂಬ ನಿಯಮ ಬಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಸೆರೆವಾಸದ ಸಾಧ್ಯತೆಯನ್ನೂ ವಿಧಿಸಿದೆ. ಆದ್ದರಿಂದ ರಸ್ತೆಯಲ್ಲಿ ಓಡಬೇಕಾದ ಕಾರಿಗೆ ತನ್ನಿಚ್ಛೆಯಂತೆ ಟರ್ಬೊ ಕೂರಿಸುವುದು ಇಂದು ಹಣದ ಪ್ರಶ್ನೆಯಷ್ಟೇ ಅಲ್ಲ. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ಅದು ತೊಡಕಾಗಬಲ್ಲದು.

ಆದರೂ ಇದೇ ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅನಿಲ, ಬ್ಯಾಟರಿ ಮುಂತಾದ ಬೇರೆ ಇಂಧನಗಳಿಗೆ ವಾಹನವನ್ನು ಒಗ್ಗಿಸುವ ಕಿಟ್‌ಗಳಿಗೆ, ಅವು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅನುಮೋದನೆ ಪಡೆದಿದ್ದರೆ, ಅವಕಾಶವಿದೆ. ಬೆಂಗಳೂರಿನ ಆಟೊರಿಕ್ಷಾಗಳು ದೊಡ್ಡ ಪ್ರಮಾಣದಲ್ಲಿ ಎಲ್.ಪಿ.ಜಿ.ಗೆ ಬದಲಾದದ್ದು ಈ ದಾರಿಯಿಂದಲೇ. ಕಿಟ್ ತಯಾರಿಸುವವನ ಲೆಕ್ಕ ಪರೀಕ್ಷೆಗೊಳಗಾಗುತ್ತದೆ, ಕೂರಿಸುವ ಗ್ಯಾರೇಜಿಗೆ ಮನ್ನಣೆ ದೊರೆಯುತ್ತದೆ, ಬದಲಾವಣೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗುತ್ತದೆ: ಪರಿವರ್ತನೆ ಸುರಕ್ಷಿತವಾಗಿ ನಡೆಯಲು ಬೇಕಾದ ಮೂರು ಅಂಶಗಳೂ ಇಲ್ಲಿ ಒಂದೆಡೆ ಸೇರಿವೆ.

ಸ್ಪೋರ್ಟ್ಸ್ ಕಾರಿನ ಮಾಲೀಕನಿಗೆ ಈ ಚರಿತ್ರೆ ಕೊಡುವ ಉತ್ತರ ನೇರವಾದುದು. ದಿನನಿತ್ಯ ರಸ್ತೆಯಲ್ಲಿ ಓಡಿಸುವ ಕಾರಿನಲ್ಲಿ ಟರ್ಬೊದ ಬಲ ಬೇಕೆಂದರೆ ಟರ್ಬೊದೊಡನೆಯೇ ಹುಟ್ಟಿದ ಕಾರನ್ನು ಕೊಳ್ಳುವುದು ವಿವೇಕ, ಏಕೆಂದರೆ ಆ ಬೆಲೆಯಲ್ಲಿ ಕ್ಲಚ್ಚಿನಿಂದ ಬ್ರೇಕಿನವರೆಗಿನ ಲೆಕ್ಕವೂ, ಕಾನೂನಿನ ಒಪ್ಪಿಗೆಯೂ ಸೇರಿವೆ. ಪರಿವರ್ತನೆಯ ನೆಲೆ ಸಾರ್ವಜನಿಕ ರಸ್ತೆಯಿಂದಾಚೆಗಿನ ಸ್ಪರ್ಧೆಯ ಟ್ರ್ಯಾಕು. ಆದರೆ ಸಮಾಜಕ್ಕೆ ಈ ಚರಿತ್ರೆ ಹೇಳುವ ಮಾತು ಇನ್ನೂ ದೊಡ್ಡದು. ಕೊಳ್ಳುವ ದಾರಿ ಅಗಲವಾದಂತೆ, ಹೊರೆಯನ್ನು ಕಣ್ಣಳತೆಯಿಂದಲೇ ಅರಿಯುತ್ತಿದ್ದ ಮೇಸ್ತ್ರಿಗಳ ವಿದ್ಯೆ ಬರಹಕ್ಕೆ ಇಳಿಯದೆಯೇ ಮರೆಯಾಗುತ್ತಿದೆ. ಪೆಟ್ರೋಲ್ ವಾಹನಗಳನ್ನು ವಿದ್ಯುತ್ತಿಗೆ ಬದಲಿಸುವ ಕಾಲ ಈಗ ಆರಂಭವಾಗಿರುವಾಗ, ಎಂಜಿನ್ ಇಳಿಸಿ ಮೋಟಾರು ಕೂರಿಸುವ, ತೂಕ ಹಂಚುವ, ಬ್ರೇಕು ಹೊಂದಿಸುವ ಕೆಲಸಕ್ಕೆ ಬೇಕಾಗುವುದು ಅದೇ ವಿದ್ಯೆ. ಐ.ಟಿ.ಐ.ಗಳ ತರಗತಿಗಳಲ್ಲಿ ಅದಕ್ಕೆ ಸ್ಥಾನ ಕೊಟ್ಟು, ತಾಲೂಕು ಮಟ್ಟದ ಗ್ಯಾರೇಜುಗಳಿಗೆ ತರಬೇತಿ ಮತ್ತು ಮನ್ನಣೆ ನೀಡಿ, ಅವುಗಳ ಕೆಲಸವನ್ನು ಪರೀಕ್ಷೆಗೆ ಒಳಪಡಿಸಿದರೆ, ಹೊಸ ವಾಹನ ಕೊಳ್ಳಲಾಗದ ರೋಣ ಸೀಮೆಯ ರೈತನಿಗೂ ಸುರಕ್ಷಿತವಾದ, ಕಾನೂನುಬದ್ಧವಾದ ದಾರಿಯೊಂದು ದೊರೆಯುತ್ತದೆ.